ದಿನ ಗೊತ್ತುಮಾಡುವ ಮೊದಲು ಎಲೆ ಲೆಕ್ಕ

ನಿಶ್ಚಿತಾರ್ಥ ಮುಗಿದ ವಾರದಲ್ಲೇ ಎರಡೂ ಮನೆಯವರು ಛತ್ರ ನೋಡಲು ಹೊರಡುತ್ತಾರೆ. ಅಲ್ಲಿ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಜನ ಆಗ್ತಾರೆ?’ ‘ಒಂದು ಐನೂರು ಆರುನೂರು ಆಗಬಹುದು’ ಎಂದು ಹುಡುಗಿಯ ತಂದೆ ಹೇಳುವಷ್ಟರಲ್ಲಿ ಹುಡುಗನ ಸೋದರಮಾವ ‘ಸಾವಿರಕ್ಕೆ ಕಡಿಮೆಯಿಲ್ಲ’ ಎನ್ನುತ್ತಾರೆ. ಇಬ್ಬರ ಬಳಿಯೂ ಪಟ್ಟಿ ಇರುವುದಿಲ್ಲ. ಮುಂಗಡ ಮಾತ್ರ ಅಂದೇ ಕೊಟ್ಟಾಗಿರುತ್ತದೆ. ಮದುವೆ ಮನೆಯ ಬಹುಪಾಲು ಎಡವಟ್ಟುಗಳ ಬೇರು ಇಲ್ಲಿದೆ. ಛತ್ರ, ಅಡುಗೆ, ಪತ್ರಿಕೆ, ತಾಂಬೂಲ, ಕೊನೆಗೆ ಸಾಲ ಎಷ್ಟು ಮಾಡಬೇಕು ಎನ್ನುವುದೂ ಎಲೆ ಲೆಕ್ಕದಿಂದಲೇ, ಅಂದರೆ ಯಾವ ಹೊತ್ತಿಗೆ ಎಷ್ಟು ಜನ ಉಣ್ಣುತ್ತಾರೆ ಎಂಬ ಲೆಕ್ಕದಿಂದಲೇ ಹೊರಡಬೇಕು.

ಪಟ್ಟಿಯನ್ನು ಹೆಸರಿನ ಪ್ರಕಾರ ಬರೆಯಬೇಡಿ, ಮನೆಯ ಪ್ರಕಾರ ಬರೆಯಿರಿ. ಎರಡೂ ಕಡೆಯವರು ಬೇರೆ ಬೇರೆ ಕೂತು, ಪ್ರತಿ ಮನೆಯ ಮುಂದೆ ಮೂರು ಗುರುತುಗಳಲ್ಲಿ ಒಂದನ್ನು ಹಾಕಲಿ: ಎರಡೂ ದಿನ ಇರುವವರು, ಪರಿಚಯದ ಮೇಲೆ ಒಂದು ಹೊತ್ತು ಬಂದು ಹೋಗುವವರು, ದೂರದ ಊರಿನಿಂದ ಮನೆಗೊಬ್ಬರಂತೆ ಬರುವವರು. ಬೆಂಗಳೂರು, ಮೈಸೂರು, ಮಂಡ್ಯ, ಹಾಸನದ ಕಡೆಯ ರೂಢಿಯಂತೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ ಎಂದಿಟ್ಟುಕೊಳ್ಳಿ. ಉದಾಹರಣೆಗೆ ಎರಡೂ ಕಡೆ ಸೇರಿ 320 ಮನೆ. ಅದರಲ್ಲಿ 60 ಹತ್ತಿರದ ನೆಂಟರು, ಮನೆಗೆ ನಾಲ್ವರಂತೆ 240. ಪರಿಚಯದ ಮನೆ 180, ಇಬ್ಬರಂತೆ 360. ದೂರದವು 80, ಒಬ್ಬರಂತೆ 80. ಕೂಡಿದರೆ 680 ಜನ. ಆದರೆ 680 ಎಲೆ ಯಾವ ಹೊತ್ತಿಗೂ ಬೀಳುವುದಿಲ್ಲ. ಹತ್ತಿರದ 240 ಮಂದಿ ರಾತ್ರಿಯೂ ಇರುತ್ತಾರೆ, ಮಧ್ಯಾಹ್ನವೂ ಇರುತ್ತಾರೆ. ಪರಿಚಯದವರಲ್ಲಿ ಮೂರರಲ್ಲಿ ಎರಡು ಪಾಲು ಆರತಕ್ಷತೆಗೆ, ಉಳಿದವರು ಮುಹೂರ್ತಕ್ಕೆ. ದೂರದವರು ಅರ್ಧರ್ಧ. ಅಲ್ಲಿಗೆ ರಾತ್ರಿ ಊಟಕ್ಕೆ 520, ಮಧ್ಯಾಹ್ನಕ್ಕೆ 400, ಬೆಳಗಿನ ತಿಂಡಿಗೆ 200ರಿಂದ 240. ‘ಸಾವಿರ ಜನ’ ಎಂಬ ಮಾತು ಇಲ್ಲಿಗೆ ಕರಗುತ್ತದೆ. ಮುಹೂರ್ತ ವಾರದ ನಡುವೆ ಬಿದ್ದರೆ ಕೆಲಸಕ್ಕೆ ಹೋಗುವವರೆಲ್ಲ ಆರತಕ್ಷತೆಗೇ ಬರುತ್ತಾರೆ, ಮಧ್ಯಾಹ್ನದ ಎಲೆ ಇನ್ನಷ್ಟು ಇಳಿಯುತ್ತದೆ. ಉತ್ತರ ಕರ್ನಾಟಕದಂತೆ ಮಧ್ಯಾಹ್ನದ ಅಕ್ಕಿಕಾಳಿಗೇ (ಅಕ್ಷತೆ ಹಾಕುವ ಹೊತ್ತಿಗೇ) ಎಲ್ಲರೂ ಸೇರುವ ಕಡೆ, ಕರಾವಳಿಯಂತೆ ಒಂದೇ ದಿನದಲ್ಲಿ ಮುಗಿಸುವ ಕಡೆ ಹಂಚಿಕೆ ಬದಲಾಗುತ್ತದೆ. ಲೆಕ್ಕ ಹಾಕುವ ಕ್ರಮ ಇದೇ.

ಪಟ್ಟಿಯಲ್ಲಿ ಸದಾ ಬಿಟ್ಟುಹೋಗುವವರು ಕೆಲಸದವರು. ವಾಲಗದವರು, ಫೋಟೊ ಮತ್ತು ವಿಡಿಯೊದವರು, ಮಂಟಪ ಕಟ್ಟುವವರು, ಬಸ್ಸು ಕಾರಿನ ಚಾಲಕರು, ಮೇಕಪ್‌ನವರು, ಪುರೋಹಿತರ ಜೊತೆಯವರು ಎಲ್ಲ ಸೇರಿ ಹೊತ್ತಿಗೆ 30-40 ಎಲೆ. ಇವನ್ನು ಮೊದಲೇ ಸೇರಿಸಿ.

ಈಗ ಛತ್ರ ನೋಡಬಹುದು. ಫಲಕದ ಮೇಲಿರುವ ‘1000 ಆಸನ’ ಸಭಾಂಗಣದ ಅಳತೆ. ಅದನ್ನು ನಂಬಿ ಹೋದವರು ಊಟದ ಮನೆಯ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾರೆ. ನಿಮಗೆ ಬೇಕಾದ ಅಂಕಿ ಒಂದು ಪಂಕ್ತಿಗೆ ಎಷ್ಟು ಎಲೆ ಎಂಬುದು. ಎಲೆ ಹಾಕಿ, ಬಡಿಸಿ, ಉಂಡು, ಎತ್ತಿ, ಒರೆಸಿ ಮತ್ತೆ ಕೂರಿಸಲು ಒಂದು ಪಂಕ್ತಿಗೆ ಸುಮಾರು 40 ನಿಮಿಷ ಬೇಕು. 150 ಎಲೆಯ ಊಟದ ಮನೆಯಲ್ಲಿ, ಕೆಲಸದವರನ್ನು ಬಿಟ್ಟರೂ, 520 ಜನ ಎಂದರೆ ನಾಲ್ಕು ಪಂಕ್ತಿ, 2 ಗಂಟೆ 40 ನಿಮಿಷ. ಏಳೂವರೆಗೆ ಮೊದಲ ಪಂಕ್ತಿ ಕೂತರೆ ಕೊನೆಯದು ಏಳುವುದು ರಾತ್ರಿ ಹತ್ತು ದಾಟಿ. ಜನ ಬರುವುದು ಮಾತ್ರ ಏಳೂವರೆಯಿಂದ ಎಂಟೂವರೆಯೊಳಗೆ, ಒಟ್ಟಿಗೆ. ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲುವ ಅವಸ್ಥೆ ಹೀಗೇ ಬರುವುದು. ಅದೇ 200 ಎಲೆಯ ಊಟದ ಮನೆಯಾದರೆ ಮೂರು ಪಂಕ್ತಿಯಲ್ಲಿ ಮುಗಿಯುತ್ತದೆ. ಸಣ್ಣ ಸಭಾಂಗಣ, ದೊಡ್ಡ ಊಟದ ಮನೆ ಇರುವ ಛತ್ರ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಪಕ್ಕದಲ್ಲೊಂದು ಬಫೆ ಇಟ್ಟು ಯುವಕರನ್ನು ಅತ್ತ ತಿರುಗಿಸುವುದೇ ದಾರಿ.

ದಿನದ ವಿಷಯ. ಅನೇಕ ಮನೆಗಳಲ್ಲಿ ನಿಶ್ಚಿತಾರ್ಥದಲ್ಲೇ ಲಗ್ನಪತ್ರಿಕೆ ಓದುವುದರಿಂದ ದಿನ, ಜಾಗ ಎರಡೂ ಆಗಲೇ ಗೊತ್ತಾಗಿರುತ್ತವೆ. ಇನ್ನೂ ಆಗಿಲ್ಲದವರು ಪುರೋಹಿತರನ್ನು ‘ಒಳ್ಳೆಯ ದಿನ ಹೇಳಿ’ ಎಂದು ಕೇಳದೆ, ಇಬ್ಬರಿಗೂ ತಾರಾಬಲ, ಚಂದ್ರಬಲ (ಜನ್ಮನಕ್ಷತ್ರ, ರಾಶಿಗೆ ಹೊಂದುವ ದಿನಬಲ) ಕೂಡುವ ನಾಲ್ಕು ದಿನ ಬರೆಸಿಕೊಳ್ಳಿ; ಅದರಲ್ಲಿ ಎರಡಾದರೂ ಸೋಮವಾರದಿಂದ ಗುರುವಾರದೊಳಗೆ ಇರಲಿ. ಆಷಾಢ, ಪಿತೃಪಕ್ಷ, ಧನುರ್ಮಾಸ, ಗುರು-ಶುಕ್ರರ ಅಸ್ತ (ಆ ಗ್ರಹಗಳು ಸೂರ್ಯನ ಬಳಿ ಮರೆಯಾಗುವ ದಿನಗಳು) ಕಳೆದರೆ ಉಳಿಯುವ ಮುಹೂರ್ತಗಳಿಗೆ ಊರಿಗೆ ಊರೇ ಮುಗಿಬೀಳುತ್ತದೆ. ಅಧಿಕ ಮಾಸ ಬಂದ ವರ್ಷ ಇನ್ನೂ ಇಕ್ಕಟ್ಟು: 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅಂದರೆ ಬೇಸಿಗೆ ರಜೆಯ ಮದುವೆ ಕಾಲದಲ್ಲೇ ಒಂದು ತಿಂಗಳು ಖಾಲಿ.

ದಿನದ ಜೊತೆಗೆ ಲಗ್ನದ ವೇಳೆಯನ್ನೂ ಕೇಳಿ. ಮುಹೂರ್ತ 9.15ರಿಂದ 10ರೊಳಗಿದ್ದರೆ ತಿಂಡಿ, ಧಾರೆ, ಊಟ ಸಲೀಸಾಗಿ ಸಾಗುತ್ತವೆ. ಬೆಳಿಗ್ಗೆ ಆರಕ್ಕಿದ್ದರೆ ಹುಡುಗಿಯ ಅಲಂಕಾರ ಮೂರಕ್ಕೇ ಶುರುವಾಗಬೇಕು, ನೆಂಟರೆಲ್ಲ ರಾತ್ರಿ ಛತ್ರದಲ್ಲೇ ಉಳಿಯಬೇಕು. ಛತ್ರದ ಕೋಣೆಗಳು ಸಾಲದೆ ಹತ್ತಿರದ ಲಾಡ್ಜ್‌ನ ಖರ್ಚೂ ಸೇರುತ್ತದೆ. ದಿನ ಕೊಟ್ಟ ಪುರೋಹಿತರನ್ನು ಅಲ್ಲೇ ಗೊತ್ತುಮಾಡಿ. ಅದೇ ದಿನವನ್ನು ಅವರು ಇನ್ನೊಂದು ಮನೆಗೂ ಹೇಳಿರುತ್ತಾರೆ.

ಛತ್ರದ ಕರಾರಿನಲ್ಲಿ ಬಾಡಿಗೆ ಎಂಬ ಅಂಕಿ ಅರ್ಧ ಸತ್ಯ. ವಿದ್ಯುತ್ ಯೂನಿಟ್‌ಗೆ ಎಷ್ಟು, ಜನರೇಟರ್ ಗಂಟೆಗೆ ಎಷ್ಟು, ಸ್ವಚ್ಛತೆ, ಪಾತ್ರೆ ಠೇವಣಿ, ಹಸಿ ಕಸ ಸಾಗಣೆ, ಜಿಎಸ್‌ಟಿ ಎಲ್ಲ ಸೇರಿ ಕೈಗೆ ಬರುವ ಬಿಲ್ ಎಷ್ಟು ಎಂದು ಬರೆಸಿಕೊಳ್ಳಿ. ಒಳಗೆ ಹೋಗುವಾಗ ಮೀಟರಿನ ಫೋಟೊ ತೆಗೆಯಿರಿ. ಹೊರಗಿನ ಅಡುಗೆಯವರಿಗೆ, ಅಲಂಕಾರದವರಿಗೆ ಪ್ರವೇಶವಿದೆಯೇ? ಎಸಿ ಸಭಾಂಗಣದಲ್ಲಿ ಹೋಮಕ್ಕೆ ಒಪ್ಪುತ್ತಾರೆಯೇ? ಊಟದ ಮನೆ ಮಹಡಿಯ ಮೇಲಿದ್ದರೆ ಲಿಫ್ಟ್ ಇದೆಯೇ? ಬೇಸಿಗೆಯ ಮದುವೆಯಾದರೆ ನೀರಿನ ಟ್ಯಾಂಕರ್ ಯಾರ ಲೆಕ್ಕಕ್ಕೆ? ಹಿಂದಿನ ದಿನ ಎಷ್ಟು ಗಂಟೆಗೆ ಬೀಗದ ಕೈ ಸಿಗುತ್ತದೆ ಎನ್ನುವುದು ಇವೆಲ್ಲಕ್ಕಿಂತ ಮುಖ್ಯ. ಸಂಜೆ ನಾಲ್ಕಕ್ಕೆ ಕೊಟ್ಟರೆ ಏಳಕ್ಕೆ ಆರತಕ್ಷತೆಯ ವೇದಿಕೆ ಏಳುವುದಿಲ್ಲ. ಹೂವಿನವರು ಏಣಿ ಮೇಲಿರುವಾಗಲೇ ಜನ ಕೂತಿರುತ್ತಾರೆ. ತೆರೆದ ಅಂಗಳದಲ್ಲಿ ಆರ್ಕೆಸ್ಟ್ರಾ ಇಡುವವರು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ ಎಂಬುದನ್ನು ಮರೆಯಬಾರದು.

ಯಾರೂ ಬಾಯಿಬಿಟ್ಟು ಕೇಳದ ಷರತ್ತೊಂದಿದೆ: ಸೂತಕ ಬಂದರೆ ಏನು? ಮನೆಯಲ್ಲಿ ತೊಂಬತ್ತರ ಅಜ್ಜಿ ಇರುವಾಗ ಇದನ್ನು ಕೇಳುವುದು ಅಪಶಕುನವೆಂದು ಸುಮ್ಮನಿರುತ್ತಾರೆ. ಮದುವೆಗೆ ಮೊದಲು ಪಿತೃಗಳಿಗೆ ಮಾಡುವ ನಾಂದಿ ಆದಮೇಲೆ ಆ ಶುಭಕಾರ್ಯಕ್ಕೆ ಆಶೌಚ, ಅಂದರೆ ಸೂತಕ, ಅಡ್ಡಬರುವುದಿಲ್ಲ ಎಂಬುದು ಶಾಸ್ತ್ರದವರ ಮಾತು. ಕೆಲವರು ನಾಂದಿಯನ್ನು ಮುಂಚಿತವಾಗಿಯೇ ಮುಗಿಸುವುದು ಇದಕ್ಕೇ. ಅದಕ್ಕೂ ಮೊದಲೇ ಸಾವಾದರೆ ದಿನ ಮುಂದೆ ಹೋಗುತ್ತದೆ, ಮುಂಗಡ ಮುಳುಗುತ್ತದೆ. ‘ಕುಟುಂಬದಲ್ಲಿ ಮರಣವಾದರೆ ಮುಂಗಡವನ್ನು ಇನ್ನೊಂದು ದಿನಕ್ಕೆ ವರ್ಗಾಯಿಸತಕ್ಕದ್ದು’ ಎಂಬ ಒಂದು ಸಾಲು ರಸೀದಿಯ ಹಿಂದೆ ಬರೆಸಿ ಸಹಿ ಹಾಕಿಸಿಕೊಂಡರೆ ಸಾಕು. ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಅಡುಗೆಯವರ ಜೊತೆ ಮಾತಾಡುವಾಗ ಖಾತರಿ ಎಲೆ ಮತ್ತು ಹೆಚ್ಚುವರಿ ಎಲೆಯ ದರ, ಎರಡನ್ನೂ ಕೇಳಿ. 520 ಎಂದು ಲೆಕ್ಕ ಬಂದರೆ 475ಕ್ಕೆ ಖಾತರಿ ಕೊಡಿ, ಮೇಲಿನ 50ಕ್ಕೆ ಸಾಮಾನು ಸಿದ್ಧವಿರಲಿ ಎನ್ನಿ. ಬಾರದವರ ಎಲೆಗೂ ಖಾತರಿಯ ಹಣ ಕೊಡಲೇಬೇಕು. ಗುತ್ತಿಗೆ ಕೊಡದೆ ಮನೆಯವರೇ ಸಾಮಾನು ತರಿಸುವುದಾದರೆ, ಬಿಸಿಬೇಳೆಬಾತ್ ಅಥವಾ ಪಲಾವ್ ಇರುವ ಊಟಕ್ಕೆ 100 ಎಲೆಗೆ ಅನ್ನದ ಅಕ್ಕಿ 8ರಿಂದ 10 ಕೆ.ಜಿ., ಬರೀ ಅನ್ನ-ಸಾರು-ಹುಳಿಯಾದರೆ 12 ಕೆ.ಜಿ. ಹಿಡಿಯಬಹುದು. ಊಟದ ದಿನ ಎರಡೂ ಕಡೆಯಿಂದ ಒಬ್ಬೊಬ್ಬರು ಅಡುಗೆಯವರ ಮೇಸ್ತ್ರಿಯ ಜೊತೆ ನಿಂತು ಪ್ರತಿ ಪಂಕ್ತಿಯ ಎಲೆ ಎಣಿಸಿ ಅಲ್ಲೇ ಸಹಿ ಹಾಕಲಿ. ಮರುದಿನ ನೆನಪಿನಿಂದ ಎಣಿಸಿದ ಎಲೆ ಯಾವತ್ತೂ ಜಾಸ್ತಿಯೇ.

ಹಣದ ಮಾತು ಹಿರಿಯರಿಗೆ ಮುಜುಗರ. ಹುಡುಗಿಯ ಕಡೆಯವರು ಮದುವೆ, ಹುಡುಗನ ಕಡೆಯವರು ಬೀಗರ ಊಟ ಎಂಬ ಹಳೆಯ ಹಂಚಿಕೆ ಈಗ ಎಷ್ಟೋ ಕಡೆ ಉಳಿದಿಲ್ಲ. ಆದರೆ ಹೊಸದೇನು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆರತಕ್ಷತೆ ಒಬ್ಬರದು, ಮುಹೂರ್ತ ಇನ್ನೊಬ್ಬರದು ಎಂದು ಹೊತ್ತಿನ ಪ್ರಕಾರ ಹಂಚಿದರೆ ಜಗಳ ಹೆಚ್ಚು, ಯಾಕೆಂದರೆ ಛತ್ರದ ಬಾಡಿಗೆ ಎರಡಕ್ಕೂ ಒಂದೇ. ಒಟ್ಟು ಮೊತ್ತವನ್ನು ಎಲೆಯ ಪ್ರಮಾಣದಲ್ಲಿ ಹಂಚಿಕೊಳ್ಳುವುದು ನ್ಯಾಯ: ಹೆಚ್ಚು ಕರೆದವರು ಹೆಚ್ಚು ಕೊಡುತ್ತಾರೆ, ಸೋದರಮಾವನ ಸಾವಿರವೂ ತಾನಾಗಿ ಇಳಿಯುತ್ತದೆ. ಒಂದು ಸಮಾರಂಭಕ್ಕೆಂದು ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಛತ್ರದವರು ‘ಕ್ಯಾಶ್ ಕೊಡಿ’ ಎಂದರೆ ಈ ಮಾತು ನೆನಪಿಸಿ. ವರದಕ್ಷಿಣೆ 1961ರ ಕಾಯ್ದೆಯಡಿ ಅಪರಾಧ. ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಬೇಕೆಂದು 1985ರ ನಿಯಮ ಹೇಳುತ್ತದೆ; ಪಾಲಿಸುವವರು ವಿರಳ, ಪಾಲಿಸಿದರೆ ಇಬ್ಬರಿಗೂ ಕ್ಷೇಮ.

ಅಲಂಕಾರ, ತಾಂಬೂಲದ ಚೀಲ ಕಾಯಬಹುದು. ರವಿಕೆಗಳು ಕಾಯುವುದಿಲ್ಲ: ಆರಿ (ಕೊಕ್ಕೆಸೂಜಿಯ ಕಸೂತಿ) ಕೆಲಸಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ, ಸೀಸನ್‌ನಲ್ಲಿ ಇನ್ನೂ ಹೆಚ್ಚು.

ಕಾಗದಪತ್ರದಲ್ಲಿ ಎರಡು ದಾರಿ. ಇಬ್ಬರ ಧರ್ಮ ಬೇರೆಯಾಗಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗುವವರು ಎಲ್ಲಕ್ಕಿಂತ ಮೊದಲು ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಪ್ರಕಟವಾದ ಮೇಲೆ ಮತ್ತೆ 30 ದಿನ ಕಾಯಬೇಕು, ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಮೂರು ವಾರ ರಜೆ ಹಾಕಿ ಅಮೆರಿಕದಿಂದ ಬರುವವರಿಗೆ ಈ ಲೆಕ್ಕ ಕೂಡುವುದು ಕಷ್ಟ. ಉಳಿದಂತೆ ಹಿಂದೂ ವಿವಾಹವನ್ನು ಮದುವೆಯ ನಂತರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೂವರು ಸಾಕ್ಷಿಗಳೊಡನೆ ನೋಂದಾಯಿಸಬಹುದು. 2024ರಿಂದ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಆನ್‌ಲೈನ್ ಅರ್ಜಿಗೂ ಅವಕಾಶವಿದೆ. ವೀಸಾಗೆ ಬೇಕಾಗುವುದು ಈ ಪ್ರಮಾಣಪತ್ರವೇ. ನಮ್ಮಲ್ಲಿ ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿದ ತಂದೆಯ ಹೆಸರು, ಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಪತ್ರಿಕೆಯನ್ನೂ ದಾಖಲೆಯಾಗಿ ಕೇಳುತ್ತಾರಾದ್ದರಿಂದ, ಮುದ್ರಣಕ್ಕೆ ಕೊಡುವ ಮೊದಲು ಮೂರನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ತಿದ್ದಬೇಕಿದ್ದರೆ ಆಧಾರ್ ಅರ್ಜಿ ಆಗಲೇ ಹೋಗಿರಲಿ.