ಉಚ್ಚೆ ನೋಡಿ ಕಾಯಿಲೆ ಹೇಳುತ್ತಿದ್ದ ಕಾಲ

ಲ್ಯಾಬಿನಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ತುಂಬಿಸಿ ಕೊಟ್ಟು ಮನೆಗೆ ಬಂದರೆ ಸಂಜೆ ಹೊತ್ತಿಗೆ ರಿಪೋರ್ಟ್ ಮೊಬೈಲಿಗೇ ಬಂದುಬಿಡುತ್ತದೆ. ಅದರ ಮೊದಲ ಸಾಲುಗಳನ್ನು ಗಮನಿಸಿದ್ದೀರಾ? ಬಣ್ಣ ಯಾವುದು, ತಿಳಿಯಾಗಿದೆಯೋ ಕದಡಿದೆಯೋ ಅಂತ ಇರುತ್ತದೆ. ಸಕ್ಕರೆ, ಪ್ರೋಟೀನ್ ಎಲ್ಲ ಆಮೇಲೆ. ಆ ಎರಡು ಪ್ರಶ್ನೆಗಳಿಗೆ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ.

ಇವತ್ತು ಒಂದು ಕಡೆ ಮೂತ್ರಕ್ಕೆ ಎಣ್ಣೆ ಹನಿ ಬಿಟ್ಟರೆ ಎಲ್ಲ ಗೊತ್ತಾಗುತ್ತದೆ ಅನ್ನುವವರು, ಇನ್ನೊಂದು ಕಡೆ ಹಳೆಯದೆಲ್ಲ ಬೊಗಳೆ ಅನ್ನುವವರು. ಎರಡೂ ಪೂರ್ತಿ ಸರಿಯಲ್ಲ. ಹಾಗಾಗಿ ಮೊದಲಿಂದ ನೋಡೋಣ.

ಗ್ರೀಸಿನ ಹಿಪ್ಪೊಕ್ರೇಟಿಸ್ ಹೆಸರಿನಲ್ಲಿರುವ ಬರಹಗಳಲ್ಲಿ, ಮೂತ್ರದ ಮೇಲೆ ಗುಳ್ಳೆ ನಿಂತರೆ ಅದು ಕಿಡ್ನಿ ಕಾಯಿಲೆ, ಬೇಗ ಬಿಡುವಂಥದ್ದಲ್ಲ ಎಂದಿದೆ. ಇವತ್ತಿಗೂ ನೊರೆ ಜಾಸ್ತಿ ಅಂದರೆ ಡಾಕ್ಟರು ಪ್ರೋಟೀನ್ ಟೆಸ್ಟ್ ಬರೆಯುತ್ತಾರೆ. ನಮ್ಮ ಚರಕ, ಸುಶ್ರುತ ಸಂಹಿತೆಗಳು ಪ್ರಮೇಹವನ್ನು, ಅಂದರೆ ಮೂತ್ರ ಕೆಡುವ ಕಾಯಿಲೆಗಳನ್ನು, 20 ಬಗೆ ಮಾಡಿವೆ, ಅದರಲ್ಲಿ ಮಧುಮೇಹವೂ ಒಂದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆ ಕಾಯಿಲೆಯ ಮುನ್ಸೂಚನೆ ಎಂದು ಬರೆದಿದೆ. ಗ್ರೀಕರ ವಿದ್ಯೆ ಅರಬ್ಬರ ಕೈಗೆ ಬಂತು. 10ನೇ ಶತಮಾನದಲ್ಲಿ ಈಗಿನ ಟುನೀಶಿಯಾದ ಕೈರುವಾನ್‌ನಲ್ಲಿದ್ದ ವೈದ್ಯ ಐಸಾಕ್ ಇಸ್ರೇಲಿ ಮೂತ್ರ ಪರೀಕ್ಷೆಯ ಬಗ್ಗೆಯೇ ಒಂದು ಪುಸ್ತಕ ಬರೆದ. ಅದು ಲ್ಯಾಟಿನ್ನಿಗೆ ಹೋಯಿತು, ಯುರೋಪು ಅದನ್ನು ತಲೆಯ ಮೇಲೆ ಹೊತ್ತುಕೊಂಡಿತು.

ಅಲ್ಲಿಂದ ಮುಂದಿನ ಐನೂರು ವರ್ಷ ವೈದ್ಯನ ಗುರುತೇ ಒಂದು ಗಾಜಿನ ಪಾತ್ರೆ. ಹೆಸರು ಮಟುಲ. ತಳ ದುಂಡಗೆ, ಬಾಯಿ ಅಗಲ, ಗಾಜು ತೆಳ್ಳಗೆ, ಆಕಾರ ಮೂತ್ರಕೋಶದಂತೆ. ವೈದ್ಯ ಅದನ್ನು ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿದ್ದ. ಮೇಲಿನ ಅಂಚು ತಲೆಗೆ, ಅದರ ಕೆಳಗಿನದು ಎದೆಗೆ, ನಡುವಿನದು ಹೊಟ್ಟೆಗೆ, ತಳದ ಗಸಿ ಅದಕ್ಕೂ ಕೆಳಗಿನ ಅಂಗಗಳಿಗೆ ಎಂಬ ಲೆಕ್ಕ. ಬಣ್ಣಗಳು 20, ಅವನ್ನು ಚಕ್ರದ ಹಾಗೆ ಸುತ್ತಲೂ ಬರೆದ ಪಟಗಳಿದ್ದವು. ಬಾವಿ ನೀರಿನಂತೆ, ಒಂಟೆ ಕೂದಲಿನಂತೆ, ಅರ್ಧ ಬೆಂದ ಮಾಂಸದ ರಸದಂತೆ, ಕೇಸರಿಯಂತೆ, ಎಲೆಕೋಸಿನಂತೆ, ಸೀಸದಂತೆ, ಕೊನೆಗೆ ಶಾಯಿಯಂತೆ ಕಪ್ಪು. ಇವನ್ನು ಗುರುತಿಸಲು ಎಷ್ಟು ವರ್ಷ ಕಣ್ಣು ಪಳಗಬೇಕಿತ್ತೋ! ಕಾಮಾಲೆಯಾದವರ ಮೂತ್ರ, ರಕ್ತ ಬೆರೆತ ಮೂತ್ರ ಅವರಿಗೆ ತಪ್ಪದೆ ತಿಳಿಯುತ್ತಿತ್ತು ಅನ್ನಲು ನನಗೆ ಹಿಂಜರಿಕೆ ಇಲ್ಲ.

ಕೆಟ್ಟಿದ್ದು ಬೇರೆ ಕಡೆ. ರೋಗಿ ಮನೆಯಲ್ಲಿ ಮಲಗಿರುತ್ತಿದ್ದ, ಪಾತ್ರೆ ಮಾತ್ರ ಬುಟ್ಟಿಯಲ್ಲಿ ಕೂತು ವೈದ್ಯರ ಮನೆಗೆ ಬರುತ್ತಿತ್ತು. ತಂದವರು ಆಳೋ, ಹೆಂಡತಿಯೋ, ಪಕ್ಕದ ಮನೆಯವರೋ. ವೈದ್ಯ ಅವರನ್ನು ಮೆಲ್ಲಗೆ ಮಾತಿಗೆಳೆದು, ಜ್ವರ ಎಷ್ಟು ದಿನದಿಂದ, ಗಂಡಸೋ ಹೆಂಗಸೋ ಎಲ್ಲ ತಿಳಿದುಕೊಂಡು, ಆಮೇಲೆ ಅದನ್ನೇ ಪಾತ್ರೆಯಲ್ಲಿ ಕಂಡವನ ಹಾಗೆ ಹೇಳುತ್ತಿದ್ದ. ಬಸಿರು, ಸಾವು ಎಲ್ಲವನ್ನೂ ಹೇಳುವ ಮಟ್ಟಕ್ಕೆ ಇದು ಹೋಯಿತು. ಜನರೂ ಅದನ್ನೇ ಕೇಳಿ ಬರುತ್ತಿದ್ದರು, ಹೇಳದಿದ್ದರೆ ಮುಂದಿನ ಬೀದಿಗೆ ಹೋಗುತ್ತಿದ್ದರು. ರೋಗಿಯನ್ನು ನೋಡದೆ ಬರೀ ಮೂತ್ರ ನೋಡಿ ಮದ್ದು ಹೇಳಬಾರದೆಂದು ಲಂಡನ್ನಿನ ವೈದ್ಯರ ಕಾಲೇಜು ನಿಯಮ ಮಾಡಿತು. 1637ರಲ್ಲಿ ಥಾಮಸ್ ಬ್ರಯನ್ ಎಂಬ ವೈದ್ಯ ಈ ಮಾತಿಗೆಳೆಯುವ ಗುಟ್ಟನ್ನೆಲ್ಲ ಪುಸ್ತಕ ಮಾಡಿ ಬಯಲಿಗಿಟ್ಟ. ಒಂದು ಕಾಲಕ್ಕೆ ತಾನೂ ಅದೇ ಕೆಲಸ ಮಾಡಿದ್ದವನು ಆತ.

ಆಮೇಲಿನದು ಬೇಗ ಬೇಗ ಆಯಿತು. 1674ರಲ್ಲಿ ಥಾಮಸ್ ವಿಲ್ಲಿಸ್ ಸಕ್ಕರೆ ಕಾಯಿಲೆಯವರ ಮೂತ್ರ ಜೇನು ಬೆರೆಸಿದ ಹಾಗೆ ಸಿಹಿ ಎಂದು ಬರೆದ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಅದನ್ನು ಕಾಯಿಸಿ ನೀರೆಲ್ಲ ಇಂಗಿಸಿ, ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. 1827ರಲ್ಲಿ ರಿಚರ್ಡ್ ಬ್ರೈಟ್ ಕಿಡ್ನಿ ಕಾಯಿಲೆಯ ಬಗ್ಗೆ ಬರೆದಾಗ ಸಾಧನ ಅಂದರೆ ಚಮಚ, ಮೇಣದ ಬತ್ತಿ ಅಷ್ಟೇ. ಬಿಸಿ ತಾಗಿದರೆ ಮೂತ್ರದ ಪ್ರೋಟೀನ್ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. 20ನೇ ಶತಮಾನದಲ್ಲಿ ಸಕ್ಕರೆ ಪತ್ತೆ ಮಾಡುವ ಬೆನೆಡಿಕ್ಟ್ ದ್ರಾವಣ ಬಂತು. ಪ್ರಾಕ್ಟಿಕಲ್ ಮಾಡಿದವರಿಗೆ ನೆನಪಿರುತ್ತದೆ, ನೀಲಿ ಹೋಗಿ ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು. 1956ರಲ್ಲಿ ಅದ್ದಿ ತೆಗೆಯುವ ಕಾಗದದ ಪಟ್ಟಿ.

ಈಗ ಎಣ್ಣೆ ಹನಿ. ಇದನ್ನು ತೈಲಬಿಂದು ಪರೀಕ್ಷೆ ಅನ್ನುತ್ತಾರೆ, ಆಯುರ್ವೇದದ ಯೋಗರತ್ನಾಕರದಲ್ಲಿ ಇದೆ. ಬೆಳಗಿನ ಮೂತ್ರದ ಮೇಲೆ ಹುಲ್ಲುಕಡ್ಡಿಯಿಂದ ಎಳ್ಳೆಣ್ಣೆ ಬಿಡುವುದು. ಹಾವಿನಂತೆ ಹರಡಿದರೆ ವಾತ, ಕೊಡೆಯಂತಾದರೆ ಪಿತ್ತ, ಮುತ್ತಿನಂತೆ ನಿಂತರೆ ಕಫ. ಸುಮ್ನೆ ತಳ್ಳಿಹಾಕುವ ಮೊದಲು ಹೇ ಟೆಸ್ಟ್ ನೆನೆಯಿರಿ. ಮೂತ್ರದ ಮೇಲೆ ಗಂಧಕದ ಪುಡಿ ಉದುರಿಸಿದರೆ ಸಾಮಾನ್ಯವಾಗಿ ತೇಲುತ್ತದೆ, ಪಿತ್ತರಸದ ಲವಣ ಇದ್ದರೆ ಮುಳುಗುತ್ತದೆ. ಮೇಲ್ಮೈಯ ಬಿಗಿ ಕಡಿಮೆಯಾಗುವುದೇ ಕಾರಣ. ಎಣ್ಣೆ ಹರಡುವುದರ ಹಿಂದೆಯೂ ಅದೇ ಬಿಗಿ ಇದೆ, ಅಂದರೆ ನೋಟ ಸುಳ್ಳಲ್ಲ. ಆದರೆ ಹನಿ ಯಾವ ದಿಕ್ಕಿಗೆ ಹೋಯಿತು ಅನ್ನುವುದರಿಂದ ರೋಗಿ ಬದುಕುತ್ತಾನೋ ಇಲ್ಲವೋ ಎಂದು ಹೇಳುವುದನ್ನು ಒಪ್ಪುವುದು ಕಷ್ಟ.

ಹಳೆಯ ಪದ್ಧತಿ ನಮ್ಮಲ್ಲೇ ಇನ್ನೂ ಉಳಿದಿದೆ. ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರ ಚಿಕಿತ್ಸಾಲಯ ಇದೆ. ಈ ಸೋವಾ ರಿಗ್ಪಾ ಪದ್ಧತಿಗೆ 2010ರಲ್ಲಿ ಭಾರತ ಸರ್ಕಾರದ ಮಾನ್ಯತೆ ಸಿಕ್ಕಿತು. ಅದರಲ್ಲಿ ಮೂತ್ರವನ್ನು ಬಿಳಿ ಬಟ್ಟಲಿಗೆ ಹಾಕಿ ಕಡ್ಡಿಯಿಂದ ಕಡೆಯುತ್ತಾರೆ. ಗುಳ್ಳೆ ಎಷ್ಟು ದೊಡ್ಡದು, ಎಷ್ಟು ಹೊತ್ತು ನಿಲ್ಲುತ್ತದೆ, ಹಬೆ, ಬಣ್ಣ, ವಾಸನೆ ನೋಡುತ್ತಾರೆ. ಅದು ಅವರ ಮೂರು ಕೆಲಸಗಳಲ್ಲಿ ಒಂದು ಮಾತ್ರ. ಉಳಿದೆರಡು ನಾಡಿ ಹಿಡಿಯುವುದು, ಕೇಳುವುದು. ಅವಕ್ಕೆ ರೋಗಿಯೇ ಎದುರು ಕೂತಿರಬೇಕು.