ಕಥೆಯಲ್ಲಿಲ್ಲದ ಕಪ್ಪೆ

ಹೋದ ವಾರ ಐದು ವರ್ಷದ ಹುಡುಗನೊಬ್ಬ ಅಮ್ಮನ ಜೊತೆ ಬಂದಿದ್ದ. "ಟ್ಯಾಬ್‌ನಲ್ಲಿ ದಿನಾ ಮೂರು ಕಥೆ ನೋಡ್ತಾನೆ ಮೇಡಂ, ಒಂದಕ್ಷರಾನೂ ಗುರುತಿಸಲ್ಲ" ಅಂತ ಅಮ್ಮನ ದೂರು. "ಎಲ್ಲಿ, ತೋರಿಸು ಮರಿ" ಅಂದೆ. ಆನೆಮರಿ ಅಮ್ಮನನ್ನು ಹುಡುಕುವ ಕಥೆ. ಮೊದಲ ಪುಟದಲ್ಲಿ ಕೆರೆ, ದಂಡೆಯ ಮೇಲೊಂದು ಕಪ್ಪೆ. ಮುಟ್ಟಿದರೆ ವಟಗುಟ್ಟಿ ನೆಗೆಯುತ್ತದೆ. ಹುಡುಗ ಅದನ್ನು ಹದಿನೇಳು ಸಲ ನೆಗೆಸಿದ, ನಾನು ಎಣಿಸಿದೆ. ಕೆಳಗಿದ್ದ ಎರಡು ಸಾಲಿನ ಕಡೆ ಕಣ್ಣು ಹಾಯಿಸಲೇ ಇಲ್ಲ. ಕಥೆಯಲ್ಲಿ ಕಪ್ಪೆಗೆ ಕೆಲಸವೂ ಇರಲಿಲ್ಲ ಅನ್ನಿ.

ನೆದರ್ಲೆಂಡ್ಸ್‌ನ ಸಂಶೋಧಕಿ ಅಡ್ರಿಯಾನಾ ಬಸ್ ಮತ್ತು ಸಂಗಡಿಗರು ಮಕ್ಕಳ ಡಿಜಿಟಲ್ ಕಥೆಪುಸ್ತಕಗಳ ಬಗೆಗಿನ 43 ಅಧ್ಯಯನಗಳನ್ನು ಒಟ್ಟಿಗಿಟ್ಟು 2015ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕಥೆಗೆ ಹೊಂದುವ ಚಲನೆ, ಸದ್ದು, ಸಂಗೀತ ಮಗುವಿಗೆ ನೆರವಾಗುತ್ತವೆ. ನಡುನಡುವೆ ಬರುವ ಆಟ, ಒತ್ತುವ ಗುಂಡಿಗಳು ಕಥೆಯಿಂದಲೇ ಎಳೆದುಕೊಂಡು ಹೋಗುತ್ತವೆ.

ಹಾಗಾದರೆ ಪುಟದಲ್ಲಿ ಏನು ಅಲುಗಾಡಬೇಕು? ಪದ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದ ರೀಡ್‌ಅಲಾಂಗ್ ಕಥೆಗಳಲ್ಲಿ ದನಿ ಸಾಗಿದಂತೆ ಪದಗಳು ಬಣ್ಣ ತಾಳುತ್ತವೆ. ಅಜ್ಜಿ ಬೆರಳಿಟ್ಟು ಓದಿ ಹೇಳುತ್ತಿದ್ದಳಲ್ಲ, ಅದೇ ಕೆಲಸ.

ಕನ್ನಡಕ್ಕೆ ಇಲ್ಲೊಂದು ಸೂಕ್ಷ್ಮವಿದೆ. ನಾನು ನೋಡಿದ ಒಂದು ಆಪ್, ಪದವನ್ನು ಚೂರುಚೂರಾಗಿ ಎಡದಿಂದ ಬಲಕ್ಕೆ ಬೆಳಗಿಸುತ್ತಿತ್ತು. 'ಮರ', 'ಸರ' ಇರುವವರೆಗೆ ಎಲ್ಲ ಚೆನ್ನ. 'ಸೂರ್ಯ' ಬಂತು. ಕಿವಿಗೆ ರಕಾರ ಮೊದಲು, ಯಕಾರ ಆಮೇಲೆ; ಕಣ್ಣಿಗೆ ಯ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ದನಿ ಒಂದು ಕಡೆ, ಬೆಳಕು ಇನ್ನೊಂದು ಕಡೆ. ದೊಡ್ಡವರಿಗೆ ಇದು ಗೊತ್ತೇ ಆಗುವುದಿಲ್ಲ, ಮಗು ಮಾತ್ರ ಕಕ್ಕಾಬಿಕ್ಕಿ. ವರ್ಣಮಾಲೆಯ 49 ಅಕ್ಷರ ಕಲಿತರೂ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪ ಬಾಕಿ ಇರುತ್ತವೆ. ಹಾಗಾಗಿ ಬೆಳಗಿದರೆ ಇಡೀ ಪದ ಬೆಳಗಲಿ, ಇಲ್ಲವೇ ಒಂದು ಪೂರ್ತಿ ಅಕ್ಷರ: 'ಸೂ', ಆಮೇಲೆ 'ರ್ಯ'. ತಲೆಕಟ್ಟು, ಗುಡಿಸು, ಕೊಂಬುಗಳಿಗೆ ರಟ್ಟಿನ ತಿರುಗುಚಕ್ರವೇ ಸಾಕು. ತಿರುಗಿಸಿದಂತೆ ಕ, ಕಿ, ಕು ಆಗುವುದನ್ನು ಮಗು ತನ್ನ ಕೈಯಲ್ಲೇ ಮಾಡುತ್ತದೆ. ಇದೂ ಇಂಟರ್‌ಆಕ್ಟಿವ್ ಪುಸ್ತಕವೇ, ಚಾರ್ಜ್ ಮಾಡುವ ಗೋಜಿಲ್ಲ.

ಇನ್ನು ಪಕ್ಕದಲ್ಲಿ ಕೂರುವವರ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪ್ಪ ಅಮ್ಮಂದಿರು ಬರೀ ಓದಿ ಹೇಳದೆ ಪ್ರಶ್ನೆ ಕೇಳುತ್ತ ಹೋದರು, ಮಕ್ಕಳ ಮಾತು ಬೆಳೆಯಿತು. "ಇದೇನು?" ಅಂದರೆ ಒಂದು ಪದದ ಉತ್ತರ. "ಆನೆಮರಿ ಯಾಕೆ ಅಳ್ತಿದೆ?" ಅಂದು ನೋಡಿ. ಟ್ಯಾಬ್ ಕೇಳಿದರೆ ಉತ್ತರಕ್ಕೆ ಚಪ್ಪಾಳೆ ಸದ್ದು ಬರುತ್ತದೆ, ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ.

ಆ ಹುಡುಗನ ಟ್ಯಾಬ್ ದನಿ ನಿಲ್ಲಿಸಿ ನಾನೇ ಓದಿದೆ, ಬೆರಳಿಟ್ಟುಕೊಂಡು. 'ಅಮ್ಮ' ಮೂರನೇ ಸಲ ಬಂದಾಗ ನನಗಿಂತ ಮೊದಲೇ ಅವನ ಬೆರಳು ಅಲ್ಲಿತ್ತು. ಆಮೇಲೆ ಮೊದಲ ಪುಟಕ್ಕೆ ಹಿಂದಿರುಗಿ, "ಕಪ್ಪೆ ಅಂತ ಎಲ್ಲಿ ಬರ್ದಿದೆ?" ಅಂದ. ಎಲ್ಲೂ ಬರೆದಿರಲಿಲ್ಲ. ಒಂದು ಚೀಟಿಯಲ್ಲಿ ದೊಡ್ಡದಾಗಿ 'ಕಪ್ಪೆ' ಅಂತ ಬರೆದುಕೊಟ್ಟೆ. ತುಂಬಾ ಹೊತ್ತು ನೋಡಿ, ಒತ್ತಿನ ಮೇಲೆ ಬೆರಳಿಟ್ಟ: "ಇದಕ್ಕೊಂದು ಮರಿ ಇದೆ."