ಜನಸಂಖ್ಯೆ ಐದು ಸಾವಿರ ಮುಟ್ಟಿದ ಮೇಲೆ: ಒಹಾಯೊದ ಆರೋಗ್ಯ ಕರಾರುಗಳ ಹಿನ್ನೆಲೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ ಒಂದು ಊರಿನ ಜನಸಂಖ್ಯೆ 5,000 ಮುಟ್ಟಿದರೆ ಅದು ‘ವಿಲೇಜ್’ ಆಗಿ ಉಳಿಯುವುದಿಲ್ಲ, ‘ಸಿಟಿ’ ಆಗುತ್ತದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಲೆಕ್ಕ ಹೊರಬಿದ್ದಾಗ ಕೆಲವು ಊರುಗಳಿಗೆ ಕೇಳದೆಯೇ ಈ ಬಡ್ತಿ ಸಿಗುತ್ತದೆ. ಜೊತೆಗೊಂದು ಹೊರೆಯೂ ಹೆಗಲೇರುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ಪ್ರತಿ ಸಿಟಿಯೂ ಒಂದು ಪ್ರತ್ಯೇಕ ಆರೋಗ್ಯ ಜಿಲ್ಲೆ. ಅಲ್ಲಿಯವರೆಗೆ ಕೌಂಟಿಯ (ಹಲವು ಊರುಗಳನ್ನೊಳಗೊಂಡ ಆಡಳಿತ ಘಟಕ) ಇನ್‌ಸ್ಪೆಕ್ಟರ್ ಬಂದು ಹೋಟೆಲ್ ಅಡುಗೆಮನೆ ತಪಾಸಣೆ ಮಾಡಿ ಹೋಗುತ್ತಿದ್ದರೆ, ಇನ್ನು ಮುಂದೆ ಆರೋಗ್ಯ ಮಂಡಳಿ, ಹೆಲ್ತ್ ಕಮಿಷನರ್, ನರ್ಸ್, ಇನ್‌ಸ್ಪೆಕ್ಟರ್ ಎಲ್ಲವೂ ಊರಿನದೇ ಆಗಬೇಕು. ಅಷ್ಟು ದುಡ್ಡಿಲ್ಲದ ಊರುಗಳು ಕೌಂಟಿಯ ಜೊತೆ ಕರಾರು ಮಾಡಿಕೊಳ್ಳುತ್ತವೆ.

ಈ ಏರ್ಪಾಡಿನ ಬೇರು ಇರುವುದು 1919ರಲ್ಲಿ. ಅದಕ್ಕೆ ಮುಂಚೆ ಪ್ರತಿ ನಗರ, ಹಳ್ಳಿ, ಟೌನ್‌ಶಿಪ್‌ಗೂ (ಕೌಂಟಿಯೊಳಗಿನ ಸಣ್ಣ ಆಡಳಿತ ಘಟಕ) ತನ್ನದೇ ಆರೋಗ್ಯ ಮಂಡಳಿ ಇತ್ತು. ರಾಜ್ಯದಲ್ಲಿ ಒಟ್ಟು ಎರಡು ಸಾವಿರಕ್ಕೂ ಹೆಚ್ಚು. ಬಹುಪಾಲು ಕಡೆ ಪೂರ್ಣಾವಧಿ ನೌಕರರೇ ಇರಲಿಲ್ಲ. 1918ರ ಇನ್‌ಫ್ಲುಯೆನ್ಜಾ ಬಂದಾಗ ಇವುಗಳ ಬಂಡವಾಳ ಬಯಲಾಯಿತು. ಮರುವರ್ಷ ಬಂದ ಹ್ಯೂಸ್ ಕಾಯ್ದೆ, ದೊಡ್ಡ ನಗರಗಳನ್ನಷ್ಟೇ ಹೊರಗಿಟ್ಟು ಮಿಕ್ಕ ಊರುಗಳನ್ನೆಲ್ಲ ಕೌಂಟಿಯ ಕೆಳಗೆ ತರಲು ಹೊರಟಿತು. ಅದೇ ವರ್ಷದ ಕೊನೆಗೆ ಗ್ರಿಸ್‌ವೋಲ್ಡ್ ಕಾಯ್ದೆ ಅದನ್ನು ಸಡಿಲಿಸಿ, ಸಣ್ಣದಿರಲಿ ದೊಡ್ಡದಿರಲಿ ಎಲ್ಲ ಸಿಟಿಗಳನ್ನೂ ಬೇರೆಯಾಗಿಟ್ಟಿತು. ಹಳ್ಳಿ, ಟೌನ್‌ಶಿಪ್‌ಗಳು ಸೇರಿ ಕೌಂಟಿಗೊಂದು ಸಾಮಾನ್ಯ ಆರೋಗ್ಯ ಜಿಲ್ಲೆಯಾಯಿತು. ಇವತ್ತಿನ ತೊಡಕುಗಳಲ್ಲಿ ಅರ್ಧಪಾಲು ಈ ರಾಜಿಯ ಕೂಸುಗಳೇ.

ಕರಾರಿನ ವಿಧಾನ ಸರಳ. ಸಿಟಿಯ ಆರೋಗ್ಯ ಜಿಲ್ಲೆ ಪ್ರಸ್ತಾವ ಇಡುತ್ತದೆ, ನಗರಸಭೆ ಬಹುಮತದಿಂದ ಒಪ್ಪುತ್ತದೆ, ಕೌಂಟಿಯ ಜಿಲ್ಲಾ ಸಲಹಾ ಮಂಡಳಿಯೂ ಬಹುಮತದಿಂದ ಒಪ್ಪಬೇಕು. ಸೇವೆ ಕೊಡುವಷ್ಟು ಸಿಬ್ಬಂದಿ, ಸಲಕರಣೆ ಕೌಂಟಿಗೆ ಇದೆಯೆಂದು ರಾಜ್ಯ ಆರೋಗ್ಯ ಇಲಾಖೆ ಖಚಿತಪಡಿಸುವವರೆಗೆ ಕರಾರು ಜಾರಿಗೆ ಬರುವುದಿಲ್ಲ. ಪತ್ರದಲ್ಲಿ ನಾಲ್ಕು ವಿಷಯ ಕಡ್ಡಾಯ: ಎಷ್ಟು ಹಣ, ಅದನ್ನು ಹೇಗೆ ಕೊಡುವುದು; ಎಷ್ಟು ಸೇವೆ, ಯಾವ ಬಗೆಯದು; ಎಂದಿನಿಂದ; ಎಷ್ಟು ಕಾಲ.

ಕೆಡುವುದು ಸಾಮಾನ್ಯವಾಗಿ ಎರಡನೆಯದರಲ್ಲಿ, ಅಂದರೆ ಸೇವೆಯ ವಿವರದಲ್ಲಿ. ‘ಎಲ್ಲ ಸಾರ್ವಜನಿಕ ಆರೋಗ್ಯ ಸೇವೆಗಳು’ ಎಂದು ಒಂದೇ ಸಾಲು ಗೀಚಿ ಸಹಿ ಹಾಕಿದರೆ ಮುಗಿಯಿತು. ರಾಜ್ಯ ಕಾನೂನು ಹೇಳುವ ಹೋಟೆಲ್ ತಪಾಸಣೆ, ಸೋಂಕು ರೋಗಗಳ ವರದಿ, ಈಜುಕೊಳದ ಲೈಸೆನ್ಸ್ ಇವೆಲ್ಲ ಬರುತ್ತವೆ. ಆದರೆ ಇಲಿ ಕಾಟ, ಖಾಲಿ ಮನೆಯ ಕಸ, ಸೊಳ್ಳೆಗೆ ಔಷಧಿ ಸಿಂಪಡಣೆ? ಸಿಟಿಯ ಸ್ವಂತ ವಸತಿ ನಿಯಮಗಳನ್ನು ಜಾರಿ ಮಾಡುವವರು ಯಾರು? ಬರೆದಿಲ್ಲದಿದ್ದರೆ ದೂರು ಕೊಟ್ಟವರನ್ನು ಸಿಟಿ ಕೌಂಟಿಯತ್ತ ಅಟ್ಟುತ್ತದೆ, ಕೌಂಟಿ ಸಿಟಿಯತ್ತ.

ಆರಂಭದ ದಿನಾಂಕವನ್ನೂ ಹಗುರವಾಗಿ ನೋಡುವಂತಿಲ್ಲ. ಬಜೆಟ್ ವರ್ಷಕ್ಕೆ ಹೊಂದುತ್ತದೆಂದು ಜನವರಿ 1 ಇಡುವುದು ವಾಡಿಕೆ. ಒಹಾಯೊದಲ್ಲಿ ಹೋಟೆಲ್ ಲೈಸೆನ್ಸಿನ ವರ್ಷ ಮುಗಿಯುವುದು ಫೆಬ್ರುವರಿ ಕೊನೆಗೆ. ನವೀಕರಣದ ಅರ್ಜಿಗಳು ಅದಕ್ಕೆ ಮೊದಲೇ ಹೋಗಿರಬೇಕು, ಶುಲ್ಕವೂ ಲೈಸೆನ್ಸ್ ಕೊಡುವ ಕಚೇರಿಯ ನಿಜವಾದ ಖರ್ಚಿನ ಲೆಕ್ಕಕ್ಕೆ ತಕ್ಕಂತಿರಬೇಕು. ಹಳೆಯ ಕಚೇರಿ ತನ್ನ ಶುಲ್ಕ ನಮೂದಿಸಿ ಅರ್ಜಿ ಕಳಿಸಿದ ಮೇಲೆ ಹೊಸ ಕಚೇರಿ ಬಾಗಿಲು ತೆರೆದರೆ, ಹೋಟೆಲಿನವರು ಎರಡು ದರಪಟ್ಟಿ ಹಿಡಿದು ನಿಲ್ಲಬೇಕಾಗುತ್ತದೆ.

ಇನ್ನು ಹಣ. ಸಾಮಾನ್ಯ ಆರೋಗ್ಯ ಜಿಲ್ಲೆಯೊಳಗಿನ ಹಳ್ಳಿ, ಟೌನ್‌ಶಿಪ್‌ಗಳ ಪಾಲನ್ನು ಕೌಂಟಿ ಆಡಿಟರ್ ಆಸ್ತಿ ತೆರಿಗೆಯ ಮೌಲ್ಯದ ಪ್ರಕಾರ ಹಂಚಿ, ಅವಕ್ಕೆ ಬರಬೇಕಾದ ತೆರಿಗೆ ಹಣದಲ್ಲೇ ಹಿಡಿದುಕೊಳ್ಳುತ್ತಾರೆ. ಕರಾರಿನ ಸಿಟಿಯ ದರ ಮಾತುಕತೆಯಲ್ಲಿ ನಿಲ್ಲುತ್ತದೆ, ಹೆಚ್ಚಾಗಿ ತಲಾ ಲೆಕ್ಕ. ಉದಾಹರಣೆಗೆ ತಲೆಗೆ 8 ಡಾಲರ್ ಎಂದುಕೊಂಡರೆ 20,000 ಜನರ ಊರು ಕಟ್ಟಬೇಕಾದದ್ದು 1,60,000 ಡಾಲರ್. ಯಾವ ಜನಸಂಖ್ಯೆ, ಹತ್ತು ವರ್ಷದ ಗಣತಿಯದೋ ವರ್ಷವರ್ಷದ ಅಂದಾಜಿನದೋ ಎಂಬುದನ್ನು ಬರೆಯದೆ ಬಿಟ್ಟರೆ ಜನ ಕರಗುತ್ತಿರುವ ಹಳೆಯ ಕೈಗಾರಿಕಾ ಊರುಗಳು ಇಲ್ಲದವರ ಬಾಬ್ತನ್ನೂ ಕಟ್ಟುತ್ತಿರುತ್ತವೆ. ನೆರೆಯ ಟೌನ್‌ಶಿಪ್‌ ಅದೇ ಸೇವೆಗೆ ಕಡಿಮೆ ಕೊಡುತ್ತಿದ್ದರೆ ಜಗಳ ಗ್ಯಾರಂಟಿ.

ಅಧಿಕಾರದ ಪ್ರಶ್ನೆ ಮೊದಲು ಕಣ್ಣಿಗೆ ಬೀಳುವುದಿಲ್ಲ. ಕರಾರಾದ ಮೇಲೆ ಸಿಟಿಯ ಮಂಡಳಿಗಿದ್ದ ಅಧಿಕಾರ ಕೌಂಟಿ ಮಂಡಳಿಗೆ ಹೋಗುತ್ತದೆ. ಆ ಮಂಡಳಿಯ ಸದಸ್ಯರನ್ನು ನೇಮಿಸುವ ಸಲಹಾ ಮಂಡಳಿಯಲ್ಲಿ ಕಾನೂನು ಸ್ಥಾನ ಕೊಟ್ಟಿರುವುದು ಕೌಂಟಿಯ ಆಡಳಿತ ನಡೆಸುವ ಕಮಿಷನರ್‌ಗಳ ಅಧ್ಯಕ್ಷರಿಗೆ, ಟೌನ್‌ಶಿಪ್‌ ಮುಖ್ಯಸ್ಥರಿಗೆ, ಪ್ರತ್ಯೇಕ ಆರೋಗ್ಯ ಜಿಲ್ಲೆಯಲ್ಲದ ಊರುಗಳ ಮೇಯರ್‌ಗಳಿಗೆ. ನಮ್ಮ ಅಭಿಪ್ರಾಯದಲ್ಲಿ, ದುಡ್ಡು ಕೊಡುವ ಸಿಟಿ ಮಾತಾಡುವ ಹಕ್ಕನ್ನು ಬರೆಸಿಕೊಳ್ಳದಿದ್ದರೆ ಅದು ಬರೀ ಗಿರಾಕಿ. ಪ್ರಾತಿನಿಧ್ಯ ಮುಖ್ಯವೆನ್ನುವ ಊರಿಗೆ ಕಾನೂನಿನಲ್ಲೇ ಇನ್ನೊಂದು ದಾರಿಯಿದೆ: ಎರಡು ಜಿಲ್ಲೆಗಳನ್ನು ಒಂದುಗೂಡಿಸಿ, ಮಂಡಳಿಯಲ್ಲಿ ಯಾರಿಗೆಷ್ಟು ಸ್ಥಾನವೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು.

ದೊಡ್ಡದೊಂದು ಉದಾಹರಣೆ ಸಮಿಟ್ ಕೌಂಟಿ. ಮೊದಲು ಬಾರ್ಬರ್ಟನ್, 2011ರ ಆರಂಭದಲ್ಲಿ ಆಕ್ರನ್ ತಮ್ಮ ಆರೋಗ್ಯ ಇಲಾಖೆಗಳನ್ನು ಕೌಂಟಿಗೆ ಒಪ್ಪಿಸಿದವು. ಇಂಥ ವರ್ಗಾವಣೆಯಲ್ಲಿ ಬೆವರಿಳಿಸುವುದು ನೌಕರರ ವಿಷಯ: ಕೂಡಿಟ್ಟ ರಜೆ, ಸೇವಾ ಹಿರಿತನ, ಒಂದೇ ಹುದ್ದೆಗೆ ಎರಡು ಸಂಬಳ. ಆಮೇಲೆ ರಾಜ್ಯವೇ ಒತ್ತಡ ಹಾಕಿತು. 2013ರ ಕಾನೂನು ಪ್ರತಿ ಸ್ಥಳೀಯ ಆರೋಗ್ಯ ಇಲಾಖೆಯೂ 2018ರೊಳಗೆ ರಾಷ್ಟ್ರೀಯ ಮಾನ್ಯತೆಗೆ ಅರ್ಜಿ ಹಾಕಿ 2020ರೊಳಗೆ ಪಡೆಯಬೇಕೆಂದಿತು. ಅದಕ್ಕೆ ಬೇಕಾದ ಸಮೀಕ್ಷೆ, ಯೋಜನಾ ದಾಖಲೆ, ಶುಲ್ಕ ನಾಲ್ಕೈದು ನೌಕರರ ಕಚೇರಿಗೆ ಎಟುಕುವಂಥವಲ್ಲ.

ಹೊರಬರುವ ಷರತ್ತನ್ನೂ ಬರೆದಿರಬೇಕು. ಸಿಬ್ಬಂದಿ, ಕಡತ, ಲ್ಯಾಬ್ ಸಾಮಾನು ಎಲ್ಲ ಕೌಂಟಿಗೆ ಹೋದ ಮೇಲೆ ಸಿಟಿಯಲ್ಲಿ ಉಳಿಯುವುದು ಕಾನೂನಿನ ಹೊಣೆ ಮಾತ್ರ. ಕರಾರು ಬಿದ್ದುಹೋದ ದಿನ ಕೆಲಸವೂ ವಾಪಸ್ ಬರುತ್ತದೆ. ಹೆಲ್ತ್ ಕಮಿಷನರ್ ಹುಡುಕಿ ಕಚೇರಿ ಕಟ್ಟಲು ಕನಿಷ್ಠ ಒಂದು ವರ್ಷದ ನೋಟಿಸ್ ಇಲ್ಲದಿದ್ದರೆ ಹಳೆಯ ಕೌಂಟಿಯ ಬಾಗಿಲನ್ನೇ ಅದು ಹೇಳಿದ ದರಕ್ಕೆ ತಟ್ಟಬೇಕು.